ಎರಡು ರೇಂಜ್‌ಗಳು ಓವರ್‌ಲ್ಯಾಪ್ ಆಗುತ್ತವಾ? ಕೋಡಿನಲ್ಲಿ ಸರಿಯಾಗಿ ನೋಡುವ ಬಗೆ

ಗೋಕರ್ಣದಲ್ಲಿ ಒಂದು ಹೋಮ್‌ಸ್ಟೇ ಇದೆ ಅಂದುಕೊಳ್ಳಿ. ಇರುವುದು ಒಂದೇ ರೂಮು. ಡಿಸೆಂಬರ್ 23ರಿಂದ 26ರವರೆಗೆ ಅದು ಬುಕ್ ಆಗಿದೆ. ಇನ್ನೊಬ್ಬರು ಫೋನ್ ಮಾಡಿ 25ರಿಂದ 28ರವರೆಗೆ ರೂಮು ಬೇಕು ಅನ್ನುತ್ತಾರೆ. ಮನೆಯವರು ಕ್ಯಾಲೆಂಡರ್ ಕಡೆ ಒಮ್ಮೆ ಕಣ್ಣು ಹಾಯಿಸಿ, "25ಕ್ಕೆ ಆಗೂದಿಲ್ಲ, 26ಕ್ಕೆ ಬನ್ನಿ" ಎಂದು ಹೇಳಿಬಿಡುತ್ತಾರೆ. ಅದೇ ಮಾತನ್ನು ಪ್ರೋಗ್ರಾಮ್ ಹೇಳಬೇಕಾದರೆ ಅದಕ್ಕೆ ನಾವು ಒಂದು ಷರತ್ತು ಬರೆದುಕೊಡಬೇಕು. ಆ ಷರತ್ತು ಒಂದೇ ಸಾಲಿನದು. ಆದರೆ ಆ ಒಂದು ಸಾಲಿನಲ್ಲಿ ಎಡವುವವರು ಜಾಸ್ತಿ.

ರೇಂಜ್ ಅಂದರೆ ಒಂದು ಶುರು, ಒಂದು ಕೊನೆ. ರೂಮಿನ ತಾರೀಖು, ಬಸ್ ಸೀಟು, ಮೀಟಿಂಗ್ ಸಮಯ, ರಸ್ತೆ ಕೆಲಸದ ಕಿಲೋಮೀಟರ್, ರಸೀದಿ ಪುಸ್ತಕದ ನಂಬರ್, ಎಲ್ಲದಕ್ಕೂ ಕೇಳುವ ಪ್ರಶ್ನೆ ಒಂದೇ: ಇವೆರಡು ಒಂದರ ಮೇಲೊಂದು ಬೀಳುತ್ತವಾ? ಈ ಕರಾವಳಿಯ ಹೋಮ್‌ಸ್ಟೇಗಳಿಗೆ ಬುಕಿಂಗ್ ಪ್ರೋಗ್ರಾಮ್ ಬರೆಯುವ ಕೆಲಸ ನನ್ನದು. ಹೊಸದಾಗಿ ಕೋಡ್ ಕಲಿಯುತ್ತಿರುವ ಹುಡುಗ ಹುಡುಗಿಯರು ಇದನ್ನು ಸರಿಯಾಗಿ ಕಲಿಯಲಿ ಎಂದು ಈ ಬರಹ.

ಕೋಡಿನ ಸಾಲುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡ ಹೆಸರು ಇಡಬಹುದು, ಆದ್ದರಿಂದ ಹೆಸರುಗಳನ್ನು ಹಾಗೇ ಬಳಸಿ ನೋಡಿ. 'ಮತ್ತು', 'ಅಥವಾ' ಇರುವಲ್ಲಿ ನಿಮ್ಮ ಭಾಷೆಯ ಆ್ಯಂಡ್, ಆರ್ ಹಾಕಿ. 'ದೊಡ್ಡದು', 'ಚಿಕ್ಕದು' ಇರುವಲ್ಲಿ ಮ್ಯಾಕ್ಸ್, ಮಿನ್ ಹಾಕಿ.

## ಮೊದಲು ಎಲ್ಲರೂ ಬರೆಯುವ ಕೋಡ್

ಹೆಚ್ಚಿನವರು ಹೀಗೆ ಯೋಚಿಸುತ್ತಾರೆ: ಹೊಸ ಬುಕಿಂಗಿನ ಶುರು ಹಳೆಯದರ ಒಳಗೆ ಬಿತ್ತಾ? ಇಲ್ಲವಾದರೆ ಹೊಸದರ ಕೊನೆ ಹಳೆಯದರ ಒಳಗೆ ಬಿತ್ತಾ? ಎರಡೂ ಇಲ್ಲ ಎಂದಾದರೆ ರೂಮು ಖಾಲಿ.

ಕೇಳಲು ಸರಿಯಾಗಿಯೇ ಇದೆ. 25ರಿಂದ 28 ಹಾಕಿ ನೋಡಿ: 25 ಎಂಬುದು 23 ಮತ್ತು 26ರ ನಡುವೆ ಇದೆ, ಸಿಕ್ಕಿಬಿತ್ತು. 21ರಿಂದ 24 ಹಾಕಿ: 24 ಒಳಗಿದೆ, ಅದೂ ಸಿಕ್ಕಿಬಿತ್ತು. ಈಗ 22ರಿಂದ 28 ಹಾಕಿ. 22 ಹಳೆಯದರ ಒಳಗಿಲ್ಲ. 28 ಕೂಡ ಒಳಗಿಲ್ಲ. ಪ್ರೋಗ್ರಾಮ್ "ಖಾಲಿ ಇದೆ" ಅನ್ನುತ್ತದೆ. ಆದರೆ ಹೊಸ ಬುಕಿಂಗ್ ಹಳೆಯದನ್ನು ಇಡಿಯಾಗಿ ನುಂಗಿದೆ. ಉದ್ದ ರಜೆಗೆ ಬರುವವರು ಕೇಳುವುದೇ ಇಂಥ ಉದ್ದನೆಯ ಬುಕಿಂಗ್. ಹಾಗಾಗಿ ಈ ತಪ್ಪು ಮಳೆಗಾಲದಲ್ಲಿ ಸುಮ್ನೆ ಅಡಗಿ ಕೂತಿದ್ದು ಡಿಸೆಂಬರ್ ರಜೆಯಲ್ಲಿ ತಲೆ ಎತ್ತುತ್ತದೆ.

ಇದನ್ನು ಸರಿ ಮಾಡಲು ಕೆಲವರು ಇನ್ನೊಂದು ಷರತ್ತು ಸೇರಿಸುತ್ತಾರೆ. ಆಮೇಲೆ ಮತ್ತೊಂದು. ನಾಲ್ಕೈದು 'ಅಥವಾ' ಸೇರಿದ ಮೇಲೆ ಅದು ಸರಿ ಇದೆಯೋ ಇಲ್ಲವೋ ಎಂದು ಬರೆದವರೇ ಹೇಳಲಾರರು. ಆ ದಾರಿ ಬಿಟ್ಟುಬಿಡಿ.

## ಪ್ರಶ್ನೆಯನ್ನೇ ತಿರುಗಿಸಿ

ಯಾವಾಗ ಓವರ್‌ಲ್ಯಾಪ್ ಆಗುತ್ತದೆ ಎಂದು ಕೇಳಬೇಡಿ. ಯಾವಾಗ ಆಗುವುದಿಲ್ಲ ಎಂದು ಕೇಳಿ.

ಕಾರವಾರದಿಂದ ಭಟ್ಕಳಕ್ಕೆ ಹೋಗುವ ಬಸ್ಸನ್ನು ತೆಗೆದುಕೊಳ್ಳೋಣ. ಹೆದ್ದಾರಿ 66ರ ಊರುಗಳಿಗೆ ಉತ್ತರದಿಂದ ದಕ್ಷಿಣಕ್ಕೆ ನಂಬರ್ ಕೊಡೋಣ: ಕಾರವಾರ 0, ಅಂಕೋಲಾ 1, ಕುಮಟಾ 2, ಹೊನ್ನಾವರ 3, ಮುರ್ಡೇಶ್ವರ 4, ಭಟ್ಕಳ 5. ಒಂದೇ ಸೀಟನ್ನು ಇಬ್ಬರಿಗೆ ಕೊಡಬಹುದಾ? ಕೊಡಬಹುದು, ಎರಡೇ ಸಂದರ್ಭದಲ್ಲಿ. ಮೊದಲನೆಯವರು ಇಳಿದ ಮೇಲೆ ಎರಡನೆಯವರು ಹತ್ತಬೇಕು. ಇಲ್ಲವೇ ಎರಡನೆಯವರು ಇಳಿದ ಮೇಲೆ ಮೊದಲನೆಯವರು ಹತ್ತಬೇಕು. ಮೂರನೇ ದಾರಿಯೇ ಇಲ್ಲ. ಕಾರವಾರದಿಂದ ಕುಮಟೆಗೆ ಹೋಗುವವರ ಸೀಟನ್ನು (0ರಿಂದ 2) ಕುಮಟೆಯಿಂದ ಭಟ್ಕಳಕ್ಕೆ ಹೋಗುವವರಿಗೆ (2ರಿಂದ 5) ಕೊಡಬಹುದು. ಅಂಕೋಲೆಯಿಂದ ಹೊನ್ನಾವರಕ್ಕೆ ಹೋಗುವವರು (1ರಿಂದ 3) ಬಂದರೆ ಅವರಿಗೆ ಆ ಸೀಟು ಇಲ್ಲ, ಇಬ್ಬರ ಜೊತೆಗೂ ತಾಗುತ್ತದೆ.

ಇದನ್ನೇ ಬರೆಯೋಣ:

```
ಬೇರೆಬೇರೆ = (ಹಳೆ_ಕೊನೆ <= ಹೊಸ_ಶುರು) ಅಥವಾ (ಹೊಸ_ಕೊನೆ <= ಹಳೆ_ಶುರು)
```

ನಮಗೆ ಬೇಕಾದದ್ದು ಇದರ ವಿರುದ್ಧ. ಇಡೀ ಸಾಲಿನ ಮುಂದೆ ಒಂದು 'ಅಲ್ಲ' ಹಾಕಿದರೆ ಕೆಲಸ ಮುಗಿಯಿತು. ಆದರೆ ಆ 'ಅಲ್ಲ'ವನ್ನು ಒಳಗೆ ತಂದರೆ ಓದಲು ಇನ್ನೂ ಸಲೀಸು. 19ನೇ ಶತಮಾನದ ಗಣಿತಜ್ಞ ಆಗಸ್ಟಸ್ ಡಿ ಮಾರ್ಗನ್ ಹೆಸರಿನ ನಿಯಮ ಇಲ್ಲಿ ಉಪಯೋಗಕ್ಕೆ ಬರುತ್ತದೆ: 'ಅಲ್ಲ' ಒಳಗೆ ಹೋದಾಗ 'ಅಥವಾ' ಇದ್ದದ್ದು 'ಮತ್ತು' ಆಗುತ್ತದೆ, ಪ್ರತಿ ಷರತ್ತೂ ಉಲ್ಟಾ ಆಗುತ್ತದೆ.

```
ಓವರ್ಲ್ಯಾಪ್ = (ಹೊಸ_ಶುರು < ಹಳೆ_ಕೊನೆ) ಮತ್ತು (ಹಳೆ_ಶುರು < ಹೊಸ_ಕೊನೆ)
```

ಉಲ್ಟಾ ಮಾಡುವಾಗ ಚಿಹ್ನೆಯ ಕಡೆ ಗಮನ ಇರಲಿ. 'ಚಿಕ್ಕದು ಅಥವಾ ಸಮ' ಎಂಬುದರ ವಿರುದ್ಧ 'ದೊಡ್ಡದು ಅಥವಾ ಸಮ' ಅಲ್ಲ. ಬರೀ 'ದೊಡ್ಡದು'. ಮೇಲಿನ ಸಾಲಿನಲ್ಲಿ ಎಡ ಬಲ ಅದಲು ಬದಲು ಮಾಡಿ ಅದನ್ನೇ 'ಚಿಕ್ಕದು' ಎಂದು ಬರೆದಿದ್ದೇನೆ. ಸಮ ಎನ್ನುವುದು ಎರಡೂ ಕಡೆ ಇರಲು ಸಾಧ್ಯವಿಲ್ಲ ಅಲ್ವಾ?

ಈ ಸಾಲನ್ನು ಬಾಯಿಪಾಠ ಮಾಡಬೇಕಾಗಿಲ್ಲ. "ಇವರ ಶುರು ಅವರ ಕೊನೆಗಿಂತ ಮೊದಲು, ಅವರ ಶುರು ಇವರ ಕೊನೆಗಿಂತ ಮೊದಲು" ಎಂದು ಹೇಳಿಕೊಂಡರೆ ಸಾಕು. 22ರಿಂದ 28 ಹಾಕಿ ನೋಡಿ: 22 < 26 ನಿಜ, 23 < 28 ನಿಜ. ಮೊದಲಿನ ಕೋಡಿಗೆ ಕಾಣದೇ ಹೋದದ್ದು ಇಲ್ಲಿ ಸಿಕ್ಕಿಬಿತ್ತು.

## ಕೊನೆಯ ಸಂಖ್ಯೆ ಒಳಗೋ ಹೊರಗೋ?

ನನ್ನ ಅನುಭವದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಜಾಗ ಇದು. ಚಿಕ್ಕದು ಹಾಕಬೇಕೋ, ಚಿಕ್ಕದು ಅಥವಾ ಸಮ ಹಾಕಬೇಕೋ ಎಂಬುದಕ್ಕೆ ಕೋಡಿನಲ್ಲಿ ಉತ್ತರ ಇಲ್ಲ. ಉತ್ತರ ಇರುವುದು ಆ ಕೆಲಸ ಮಾಡುವವರ ಬಳಿ. ಕೀಬೋರ್ಡ್ ಮುಟ್ಟುವ ಮೊದಲು ಅವರನ್ನು ಕೇಳಿ.

ಹೋಮ್‌ಸ್ಟೇಯವರನ್ನು ಕೇಳಿದರೆ ಅವರು ಲೆಕ್ಕ ಹಾಕುವುದು ರಾತ್ರಿಗಳನ್ನು. 23ರಿಂದ 26 ಅಂದರೆ 23, 24, 25ರ ರಾತ್ರಿ. 26ರ ಬೆಳಿಗ್ಗೆ ಒಬ್ಬರು ಚೆಕ್‌ಔಟ್ ಮಾಡುತ್ತಾರೆ, ಅದೇ ಮಧ್ಯಾಹ್ನ ಇನ್ನೊಬ್ಬರು ಬರಬಹುದು. ಅಂದರೆ ಶುರು ಒಳಗೆ, ಕೊನೆ ಹೊರಗೆ. ಇಂಥ ರೇಂಜಿಗೆ ಅರ್ಧ ತೆರೆದ ರೇಂಜ್ ಅನ್ನುತ್ತಾರೆ. ಮೇಲಿನ ಸಾಲಿನಲ್ಲಿ ಬರೀ 'ಚಿಕ್ಕದು' ಇರುವುದು ಇದಕ್ಕಾಗಿಯೇ.

ಮೀನುಗಾರಿಕೆಯ ಲೆಕ್ಕ ಹಾಗಲ್ಲ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತದೆ. ಜೂನ್ 1 ಕೂಡ ನಿಷೇಧದ ದಿನ, ಜುಲೈ 31 ಕೂಡ ನಿಷೇಧದ ದಿನ. ಎರಡೂ ತುದಿ ಒಳಗೆ. ಇದು ಮುಚ್ಚಿದ ರೇಂಜ್. ಬೈತಖೋಲ ಬಂದರಿನಿಂದ ಮೇ 28ಕ್ಕೆ ಹೊರಟು ಜೂನ್ 1ರಂದೂ ಬಲೆ ಹಾಕುವ ಯೋಚನೆ ಇದ್ದರೆ ಅದು ನಿಷೇಧದೊಳಗೆ ಬರುತ್ತದೆ. ಹೋಮ್‌ಸ್ಟೇಯ ಸಾಲನ್ನೇ ಇಲ್ಲಿ ಹಾಕಿದರೆ ಜೂನ್ 1 < ಜೂನ್ 1 ಸುಳ್ಳಾಗಿ "ತೊಂದರೆ ಇಲ್ಲ" ಎಂಬ ಉತ್ತರ ಬರುತ್ತದೆ. ಮುಚ್ಚಿದ ರೇಂಜಿಗೆ ಬೇಕಾದದ್ದು ಇದು:

```
ಓವರ್ಲ್ಯಾಪ್ = (ಹೊಸ_ಶುರು <= ಹಳೆ_ಕೊನೆ) ಮತ್ತು (ಹಳೆ_ಶುರು <= ಹೊಸ_ಕೊನೆ)
```

ಒಂದೇ ಪ್ರೋಗ್ರಾಮಿನಲ್ಲಿ ಎರಡೂ ಬಗೆ ಬಂದರೆ ಏನು ಮಾಡುವುದು? ಒಂದನ್ನು ಆರಿಸಿಕೊಂಡು, ಇನ್ನೊಂದನ್ನು ಒಳಗೆ ತೆಗೆದುಕೊಳ್ಳುವ ಬಾಗಿಲಲ್ಲೇ ಬದಲಿಸಿ. ನನ್ನ ಆಯ್ಕೆ ಯಾವಾಗಲೂ ಅರ್ಧ ತೆರೆದದ್ದು. ನಿಷೇಧವನ್ನು ಜೂನ್ 1ರಿಂದ ಆಗಸ್ಟ್ 1 ಎಂದು ಇಟ್ಟುಕೊಳ್ಳುತ್ತೇನೆ. ಆಗಸ್ಟ್ 1 ಹೊರಗೆ. ಕಳೆದರೆ ನೇರವಾಗಿ 61 ದಿನ ಸಿಗುತ್ತದೆ. ಜುಲೈ 31ರಿಂದ ಜೂನ್ 1 ಕಳೆದರೆ 60 ಬಂದು, 1 ಕೂಡಿಸಲು ನೆನಪಿಡಬೇಕು. ದೋಣಿಯ ಕೊನೆಯ ದಿನಕ್ಕೂ ಹೀಗೇ ಒಂದು ದಿನ ಕೂಡಿಸಿ ಇಡಬೇಕು. ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರಲ್ಲಿ ಬರೆದ ಚಿಕ್ಕ ಟಿಪ್ಪಣಿಯಲ್ಲಿ ಇದನ್ನೇ ವಾದಿಸಿದ್ದರು: ಶುರು ಒಳಗೆ, ಕೊನೆ ಹೊರಗೆ ಇಟ್ಟರೆ ಕಳೆದದ್ದೇ ಉದ್ದ, ಮತ್ತು ಒಂದರ ಕೊನೆಯೇ ಮುಂದಿನದರ ಶುರು. ಪೈಥಾನಿನ ರೇಂಜ್ ಕೂಡ ಹೀಗೇ ನಡೆಯುತ್ತದೆ.

ಒಂದು ಕೂಡಿಸುವ ಈ ಉಪಾಯ ದಿನ, ನಂಬರ್ ಇಂಥ ಪೂರ್ಣ ಸಂಖ್ಯೆಗಳಿಗೆ ಮಾತ್ರ. ತೂಕ, ಉಷ್ಣತೆ, ಕಿಲೋಮೀಟರಿನ ದಶಾಂಶಗಳಿಗೆ ನಡೆಯುವುದಿಲ್ಲ. ಇನ್ನೊಂದು ಎಚ್ಚರಿಕೆ: ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್‌ನಲ್ಲಿ ಬಿಟ್ವೀನ್ ಎಂಬ ಪದ ಎರಡೂ ತುದಿಗಳನ್ನು ಒಳಗೆ ಸೇರಿಸುತ್ತದೆ. ಹೋಮ್‌ಸ್ಟೇ ಬುಕಿಂಗಿಗೆ ಅದನ್ನು ಬಳಸಿದರೆ ಚೆಕ್‌ಔಟ್ ದಿನ ಸುಮ್ನೆ ರೂಮು ಖಾಲಿ ಬೀಳುತ್ತದೆ. ಡಬಲ್ ಬುಕಿಂಗ್ ಆದರೆ ಜಗಳ ಬಂದು ತಪ್ಪು ಗೊತ್ತಾಗುತ್ತದೆ. ಇದು ಹಾಗಲ್ಲ, ಯಾರಿಗೂ ಗೊತ್ತಾಗದ ನಷ್ಟ.

## ಉಲ್ಟಾ ರೇಂಜ್, ಖಾಲಿ ರೇಂಜ್

ಫಾರ್ಮ್ ತುಂಬುವವರು ಶುರು ಮತ್ತು ಕೊನೆಯನ್ನು ಅದಲು ಬದಲು ಮಾಡುತ್ತಾರೆ. ಅಥವಾ ಎರಡಕ್ಕೂ ಒಂದೇ ತಾರೀಖು ಹಾಕುತ್ತಾರೆ. ಆಗ ನಮ್ಮ ಸಾಲು ಏನು ಹೇಳುತ್ತದೆ?

ಹಳೆಯದು 3ರಿಂದ 8 ಇರಲಿ. ಹೊಸದು 5ರಿಂದ 5. ಒಂದು ರಾತ್ರಿಯೂ ಇಲ್ಲದ ಬುಕಿಂಗ್. 5 < 8 ನಿಜ, 3 < 5 ನಿಜ. ಓವರ್‌ಲ್ಯಾಪ್ ಇದೆ ಅನ್ನುತ್ತದೆ! ಏನೂ ಇಲ್ಲದ್ದು ಯಾವುದರ ಮೇಲೂ ಬೀಳಬಾರದು. 7ರಿಂದ 4 ಎಂದು ಉಲ್ಟಾ ಕೊಟ್ಟರೂ ನಿಜ ಎಂದೇ ಬರುತ್ತದೆ.

ಇದಕ್ಕೆ ಇನ್ನೊಂದು ರೂಪ ಇದೆ:

```
ಜಂಟಿ_ಶುರು = ದೊಡ್ಡದು(ಹಳೆ_ಶುರು, ಹೊಸ_ಶುರು)
ಜಂಟಿ_ಕೊನೆ = ಚಿಕ್ಕದು(ಹಳೆ_ಕೊನೆ, ಹೊಸ_ಕೊನೆ)
ಓವರ್ಲ್ಯಾಪ್ = ಜಂಟಿ_ಶುರು < ಜಂಟಿ_ಕೊನೆ
```

ಎರಡು ಶುರುಗಳಲ್ಲಿ ತಡವಾದದ್ದು, ಎರಡು ಕೊನೆಗಳಲ್ಲಿ ಬೇಗ ಆದದ್ದು. ಅವುಗಳ ನಡುವೆ ಉಳಿದದ್ದೇ ಎರಡಕ್ಕೂ ಸೇರಿದ ಭಾಗ. 5ರಿಂದ 5 ಕೊಟ್ಟರೆ 5 < 5 ಸುಳ್ಳು. 7ರಿಂದ 4 ಕೊಟ್ಟರೆ 7 < 4 ಸುಳ್ಳು. ಸರಿಯಾದ ರೇಂಜ್‌ಗಳಿಗೆ ಎರಡೂ ರೂಪಗಳ ಉತ್ತರ ಒಂದೇ. ಖಾಲಿ ಮತ್ತು ಉಲ್ಟಾ ರೇಂಜ್ ಬಂದಾಗ ಮಾತ್ರ ಬೇರೆಯಾಗುತ್ತವೆ.

ಈ ರೂಪದಿಂದ ಇನ್ನೊಂದು ಲಾಭ ಇದೆ. ಎಷ್ಟು ರಾತ್ರಿ ತಾಗುತ್ತದೆ ಎಂಬುದೂ ಸಿಗುತ್ತದೆ: ಜಂಟಿ ಕೊನೆಯಿಂದ ಜಂಟಿ ಶುರು ಕಳೆಯಿರಿ, ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆ ಅನ್ನಿ. 23ರಿಂದ 26 ಮತ್ತು 25ರಿಂದ 28ಕ್ಕೆ 26ರಿಂದ 25 ಕಳೆದರೆ 1. ಅಂದರೆ 25ರ ಒಂದು ರಾತ್ರಿ ಮಾತ್ರ ತೊಂದರೆ.

ಉಲ್ಟಾ ರೇಂಜನ್ನು ಈ ರೂಪ ತಡೆದುಕೊಳ್ಳುತ್ತದೆ ನಿಜ. ಆದರೂ ಅದನ್ನು ಬಾಗಿಲಲ್ಲೇ ನಿಲ್ಲಿಸಿ "ಚೆಕ್‌ಔಟ್ ತಾರೀಖು ಚೆಕ್‌ಇನ್‌ಗಿಂತ ಮುಂದಿರಬೇಕು" ಎಂದು ಹೇಳಿ. ನೀವೇ ಎರಡನ್ನೂ ಅದಲು ಬದಲು ಮಾಡಿ ಒಪ್ಪಿಕೊಳ್ಳಬೇಡಿ. ತಿಂಗಳು ತಪ್ಪಾಗಿ ಒತ್ತಿದ್ದರೆ ನೀವು ಸರಿ ಮಾಡಿದ ಬುಕಿಂಗ್ ಬೇರೆಯೇ ಆಗಿರುತ್ತದೆ.

## ತಾರೀಖು ಅಕ್ಷರವಾಗಿದ್ದರೆ, ಗಡಿಯಾರ ಸುತ್ತಿದರೆ

ಮೇಲಿನದೆಲ್ಲ ಸರಿ ಇದ್ದೂ ಉತ್ತರ ತಪ್ಪಾದರೆ ಶುರು, ಕೊನೆ ಯಾವ ಟೈಪಿನಲ್ಲಿವೆ, ಸಂಖ್ಯೆಯೋ ಅಕ್ಷರವೋ, ನೋಡಿ. "9" ಮತ್ತು "10" ಸಂಖ್ಯೆಯಾಗಿರದೆ ಅಕ್ಷರವಾಗಿ ಉಳಿದಿದ್ದರೆ ಕಂಪ್ಯೂಟರ್ ಮೊದಲ ಅಕ್ಷರ ನೋಡಿ 9 ದೊಡ್ಡದು ಅನ್ನುತ್ತದೆ. ನಾವು ಬರೆಯುವ 26-12-2025 ರೀತಿಯ ತಾರೀಖಿಗೂ ಇದೇ ಗತಿ: 26-12-2025 ಎಂಬುದು 03-01-2026ಕ್ಕಿಂತ ದೊಡ್ಡದು ಎಂದಾಗುತ್ತದೆ. ಭಾಷೆಯ ತಾರೀಖು ಟೈಪನ್ನೇ ಬಳಸಿ. ಅಕ್ಷರವಾಗಿಯೇ ಇಡಬೇಕಾದರೆ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ: 2025-12-26. ಆಗ ಅಕ್ಷರದ ಕ್ರಮವೂ ತಾರೀಖಿನ ಕ್ರಮವೂ ಒಂದೇ.

ಸಮಯವಲಯದ ತೊಂದರೆಯೂ ಇಲ್ಲೇ ಬರುತ್ತದೆ. ನಮ್ಮ ಗಡಿಯಾರ ವಿಶ್ವ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಡಿಸೆಂಬರ್ 26ರ ಮಧ್ಯರಾತ್ರಿ 12 ಗಂಟೆಯನ್ನು ವಿಶ್ವ ಸಮಯಕ್ಕೆ ಬದಲಿಸಿದರೆ 25ರ ಸಂಜೆ 6:30 ಆಗುತ್ತದೆ. ಅದರಿಂದ ತಾರೀಖನ್ನು ಮಾತ್ರ ಕತ್ತರಿಸಿಕೊಂಡರೆ ಒಂದು ದಿನ ಹಿಂದೆ ಸರಿಯಿತು. ರೂಮು ಬುಕಿಂಗಿಗೆ ಗಂಟೆಯೇ ಬೇಡ. ಬರೀ ತಾರೀಖು ಇಡಿ.

ರಾತ್ರಿ 10ಕ್ಕೆ ಹೊರಟು ಬೆಳಗಿನ ಜಾವ 5ಕ್ಕೆ ವಾಪಸಾಗುವ ದೋಣಿಯ ಲೆಕ್ಕ ಬೇರೆ. 22ರಿಂದ 5 ಎಂದು ಬರೆದರೆ ಉಲ್ಟಾ ರೇಂಜ್ ಆಗುತ್ತದೆ. ಒಂದು ನಿರ್ದಿಷ್ಟ ದಿನದ ಪ್ರಯಾಣವಾದರೆ ಗಂಟೆಯ ಜೊತೆ ತಾರೀಖನ್ನೂ ಸೇರಿಸಿ, ಸಮಸ್ಯೆ ಇರುವುದಿಲ್ಲ. ದಿನಾ ನಡೆಯುವ ವೇಳಾಪಟ್ಟಿಯಾದರೆ ಎರಡು ತುಂಡು ಮಾಡಿ: 22ರಿಂದ 24, 0ಯಿಂದ 5. ಯಾವ ತುಂಡು ತಾಗಿದರೂ ಓವರ್‌ಲ್ಯಾಪ್.

ಕೊನೆಯೇ ಗೊತ್ತಿಲ್ಲದ ರೇಂಜ್ ಕೂಡ ಇರುತ್ತದೆ. ತಿಂಗಳುಗಟ್ಟಲೆ ಉಳಿಯುವವರು ಹೊರಡುವ ದಿನ ಹೇಳಿರುವುದಿಲ್ಲ. ಅಲ್ಲಿ ಖಾಲಿ ಬಿಡದೆ ಬಹಳ ದೂರದ ತಾರೀಖು ಇಟ್ಟುಕೊಂಡು ಹೋಲಿಸಿ. ಖಾಲಿ ಬಿಟ್ಟರೆ ಡೇಟಾಬೇಸಿನಲ್ಲಿ ಹೋಲಿಕೆಯ ಉತ್ತರ ನಿಜವೂ ಅಲ್ಲ, ಸುಳ್ಳೂ ಅಲ್ಲ ಎಂದಾಗಿ, ಆ ಬುಕಿಂಗ್ ಲೆಕ್ಕದಿಂದಲೇ ಜಾರಿಹೋಗುತ್ತದೆ.

## ಪರೀಕ್ಷೆ ಮಾಡಿ

ಜೇಮ್ಸ್ ಅಲೆನ್ ಎಂಬ ಸಂಶೋಧಕರು 1983ರಲ್ಲಿ ಎರಡು ಕಾಲಾವಧಿಗಳ ನಡುವೆ ಒಟ್ಟು 13 ಬಗೆಯ ಸಂಬಂಧ ಮಾತ್ರ ಸಾಧ್ಯ ಎಂದು ಪಟ್ಟಿ ಮಾಡಿದರು. ಅವುಗಳಲ್ಲಿ ನಾಲ್ಕು ಮಾತ್ರ ನಮ್ಮ ಅರ್ಧ ತೆರೆದ ಲೆಕ್ಕದಲ್ಲಿ ಓವರ್‌ಲ್ಯಾಪ್ ಅಲ್ಲ: ಪೂರ್ತಿ ಮೊದಲು, ಪೂರ್ತಿ ನಂತರ, ಮೊದಲು ಬಂದು ಮುಟ್ಟುವುದು, ನಂತರ ಬಂದು ಮುಟ್ಟುವುದು. ಉಳಿದ ಒಂಬತ್ತೂ ಓವರ್‌ಲ್ಯಾಪ್. 13 ಬಗೆಯಲ್ಲಿ ಆಗದಿರುವುದನ್ನೇ ಹುಡುಕುವುದು ಯಾಕೆ ಸುಲಭ ಎಂಬುದು ಇಲ್ಲೇ ಕಾಣುತ್ತದೆ.

ಹಳೆಯದನ್ನು 10ರಿಂದ 20 ಎಂದು ಇಟ್ಟು ಇವುಗಳನ್ನಾದರೂ ಓಡಿಸಿ ನೋಡಿ:

```
1–5     ಇಲ್ಲ
5–10    ಇಲ್ಲ, ಬರೀ ಮುಟ್ಟುತ್ತದೆ
5–15    ಹೌದು
12–18   ಹೌದು, ಒಳಗೇ ಇದೆ
5–25    ಹೌದು, ನುಂಗಿದೆ
10–20   ಹೌದು, ಒಂದೇ
15–25   ಹೌದು
20–25   ಇಲ್ಲ, ಬರೀ ಮುಟ್ಟುತ್ತದೆ
15–15   ಇಲ್ಲ, ಖಾಲಿ
```

ಪ್ರತಿಯೊಂದನ್ನೂ ಹಳೆಯದು ಹೊಸದು ಅದಲು ಬದಲು ಮಾಡಿ ಮತ್ತೆ ಓಡಿಸಿ. ಉತ್ತರ ಬದಲಾಗಬಾರದು.

ಇನ್ನೂ ಗಟ್ಟಿ ಪರೀಕ್ಷೆ ಬೇಕೆಂದರೆ 0ಯಿಂದ 6ರವರೆಗಿನ ಎಲ್ಲ ರೇಂಜ್ ಜೋಡಿಗಳನ್ನೂ ತೆಗೆದುಕೊಳ್ಳಿ. ಪ್ರತಿ ರೇಂಜಿನ ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಬರೆದು, ಎರಡು ಪಟ್ಟಿಯಲ್ಲೂ ಇರುವ ಸಂಖ್ಯೆ ಒಂದಾದರೂ ಇದೆಯೇ ನೋಡಿ. ಆ ಉತ್ತರವನ್ನು ನಿಮ್ಮ ಸಾಲಿನ ಉತ್ತರದ ಜೊತೆ ಹೋಲಿಸಿ. ಕಂಪ್ಯೂಟರ್ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಸುತ್ತದೆ. ಒಂದು ಕಡೆ ಚಿಹ್ನೆ ತಪ್ಪಿದ್ದರೂ ಇಲ್ಲಿ ಬಿದ್ದೇ ಬೀಳುತ್ತದೆ.

## ಬುಕಿಂಗ್‌ಗಳು ನೂರಾರು ಇದ್ದರೆ

ಒಂದು ವರ್ಷದ 1000 ಬುಕಿಂಗ್‌ಗಳಲ್ಲಿ ಎಲ್ಲಾದರೂ ಡಬಲ್ ಆಗಿದೆಯೇ ಎಂದು ಹುಡುಕಲು ಪ್ರತಿ ಜೋಡಿಯನ್ನೂ ಹೋಲಿಸಿದರೆ 4,99,500 ಹೋಲಿಕೆ. ಅಷ್ಟು ಬೇಡ. ರೂಮಿನ ಪ್ರಕಾರ ಬೇರೆ ಮಾಡಿ, ಶುರುವಿನ ತಾರೀಖಿನ ಪ್ರಕಾರ ಜೋಡಿಸಿ, ಮೇಲಿನಿಂದ ಕೆಳಗೆ ಒಮ್ಮೆ ಇಳಿಯಿರಿ. ಇಲ್ಲಿಯವರೆಗೆ ಕಂಡ ಅತಿ ದೂರದ ಕೊನೆಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ಮುಂದಿನದರ ಶುರು ಅದಕ್ಕಿಂತ ಚಿಕ್ಕದಿದ್ದರೆ ಡಬಲ್ ಬುಕಿಂಗ್. ಹಿಂದಿನ ಸಾಲಿನ ಕೊನೆಯನ್ನು ಮಾತ್ರ ನೋಡಬೇಡಿ. ಅದರ ಹಿಂದೆ ಒಂದು ಉದ್ದನೆಯ ಬುಕಿಂಗ್ ಇನ್ನೂ ಚಾಚಿಕೊಂಡಿರಬಹುದು.

ಕೋಡ್ ಬರೆಯದೆ ಎಕ್ಸೆಲ್‌ನಲ್ಲಿ ಲೆಕ್ಕ ಇಡುವವರಿಗೂ ಇದೇ ಸಾಲು ಸಾಕು. ಕೌಂಟ್‌ಇಫ್ಸ್ ಫಾರ್ಮುಲಾದಲ್ಲಿ ಮೂರು ಷರತ್ತು ಹಾಕಿ: ರೂಮು ಈ ಸಾಲಿನದೇ, ಶುರು ಈ ಸಾಲಿನ ಕೊನೆಗಿಂತ ಚಿಕ್ಕದು, ಕೊನೆ ಈ ಸಾಲಿನ ಶುರುವಿಗಿಂತ ದೊಡ್ಡದು. ಆ ಸಾಲು ತನ್ನನ್ನೂ ಎಣಿಸಿಕೊಳ್ಳುವುದರಿಂದ 1 ಬಂದರೆ ಸರಿ. 2 ಅಥವಾ ಜಾಸ್ತಿ ಬಂದರೆ ಆ ಸಾಲಿಗೆ ಕೆಂಪು ಬಣ್ಣ ಬರುವ ಹಾಗೆ ಮಾಡಿಕೊಳ್ಳಿ.

## ಇಬ್ಬರು ಒಂದೇ ಕ್ಷಣಕ್ಕೆ ಒತ್ತಿದರೆ

ಗೋಕರ್ಣದ ಶಿವರಾತ್ರಿ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆ. ಇಂಥ ದಿನಗಳಿಗೆ ಒಂದೇ ರೂಮಿಗೆ ಇಬ್ಬರು ಒಂದೇ ಹೊತ್ತಿಗೆ ಬುಕ್ ಒತ್ತುತ್ತಾರೆ. ಮೊದಲನೆಯವರಿಗಾಗಿ ಪ್ರೋಗ್ರಾಮ್ ನೋಡಿದಾಗ ರೂಮು ಖಾಲಿ. ಅದನ್ನು ಬರೆದಿಡುವ ಮೊದಲೇ ಎರಡನೆಯವರಿಗಾಗಿ ನೋಡಿದಾಗಲೂ ಖಾಲಿ. ಇಬ್ಬರಿಗೂ ಸಿಕ್ಕಿತು. ಷರತ್ತು ಎಷ್ಟೇ ಸರಿ ಇದ್ದರೂ ಇದನ್ನು ತಡೆಯಲಾರದು, ಯಾಕೆಂದರೆ ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಸಂದು ಇದೆ.

ಇಲ್ಲಿ ಕೆಲಸವನ್ನು ಡೇಟಾಬೇಸಿಗೇ ಒಪ್ಪಿಸಿ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ 2012ರ 9.2 ಆವೃತ್ತಿಯಿಂದ ರೇಂಜ್ ಎಂಬ ಟೈಪೇ ಇದೆ. ತಾರೀಖಿನ ರೇಂಜನ್ನು ಅದು ಅರ್ಧ ತೆರೆದದ್ದಾಗಿಯೇ ಇಟ್ಟುಕೊಳ್ಳುತ್ತದೆ. ಎರಡು ರೇಂಜ್‌ಗಳ ನಡುವೆ && ಚಿಹ್ನೆ ಹಾಕಿದರೆ ಓವರ್‌ಲ್ಯಾಪ್ ಇದೆಯೇ ಎಂದು ಹೇಳುತ್ತದೆ. ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಎಂಬ ನಿಯಮದಲ್ಲಿ "ರೂಮು ಒಂದೇ ಆಗಿದ್ದು ತಾರೀಖೂ ತಾಗಿದರೆ ಒಳಗೆ ಬಿಡಬೇಡ" ಎಂದು ಬರೆದರೆ, ಎರಡನೆಯ ಬುಕಿಂಗನ್ನು ಡೇಟಾಬೇಸೇ ತಿರಸ್ಕರಿಸುತ್ತದೆ. ರೂಮು ನಂಬರನ್ನೂ ಆ ನಿಯಮದಲ್ಲಿ ಸೇರಿಸಲು ಬಿಟ್ರೀ ಜಿಸ್ಟ್ (btree_gist) ಎಂಬ ಎಕ್ಸ್‌ಟೆನ್ಷನ್, ಅಂದರೆ ಹೆಚ್ಚುವರಿ ಭಾಗ, ಹಾಕಿಕೊಳ್ಳಬೇಕು. ಬೇರೆ ಡೇಟಾಬೇಸ್ ಇದ್ದರೆ ಟ್ರಾನ್ಸಾಕ್ಷನ್ (ಆದರೆ ಎಲ್ಲ ಆಗುವ, ಇಲ್ಲವೇ ಯಾವುದೂ ಆಗದ ಕೆಲಸಗಳ ಕಟ್ಟು) ಶುರು ಮಾಡಿ, ಆ ರೂಮಿನ ಸಾಲಿಗೆ ಬೀಗ ಹಾಕಿ, ಆಮೇಲೆ ನೋಡಿ, ಬರೆದು, ಬೀಗ ತೆಗೆಯಿರಿ.

ತಿರಸ್ಕಾರವಾದಾಗ ಗಿರಾಕಿಗೆ ಬರೀ "ಆಗಲಿಲ್ಲ" ಎಂದು ತೋರಿಸಬೇಡಿ. ಜಂಟಿ ಶುರು, ಜಂಟಿ ಕೊನೆ ನಿಮ್ಮ ಕೈಯಲ್ಲೇ ಇವೆ. "25ರ ರಾತ್ರಿ ಮಾತ್ರ ರೂಮು ಇಲ್ಲ, 26ರಿಂದ 28ರವರೆಗೆ ಸಿಗುತ್ತದೆ, ಬೇಕಾ?" ಎಂದು ಕೇಳಿ.